ಕಾಡಿನ ಹಾಡಿಗೆ ಕಿವಿಗೊಟ್ಟ ವೆರಿಯರ್ ಎಲ್ವಿನ್

ನಮ್ಮ ಮಹಿಳಾ ವೇದಿಕೆಯ ಇ-ಸಂಚಿಕೆಗೆ ಈ ಬಾರಿ ಪುಣೆಗೆ ನಂಟಿರುವ ಒಬ್ಬರ ಜೀವನವನ್ನು ಬರೆಯಬೇಕೆಂದುಕೊಂಡೆ. ಸಾವಿತ್ರಿಬಾಯಿ ಫುಲೆ, ಪಂಡಿತಾ ರಮಾಬಾಯಿ, ಮಹರ್ಷಿ ಕರ್ವೆ ಇವರ ಬಗ್ಗೆ ನಾವೆಲ್ಲ ಓದಿದ್ದೇವೆ, ನಮ್ಮ ಸಭೆಗಳಲ್ಲಿ ಮಾತಾಡಿದ್ದೇವೆ. ಹಾಗಾಗಿ ನಾನು ಆರಿಸಿಕೊಂಡದ್ದು ಇಲ್ಲಿಗೆ ಪಾದ್ರಿಯಾಗಿ ಬಂದು, ಪಾದ್ರಿತನ ಬಿಟ್ಟು, ಆದಿವಾಸಿಗಳ ಹಾಡು ಕೇಳುತ್ತ ಬದುಕು ಕಳೆದ ಒಬ್ಬ ಇಂಗ್ಲಿಷರನ್ನು. ಅವರ ಹೆಸರು ವೆರಿಯರ್ ಎಲ್ವಿನ್.

ಎಲ್ವಿನ್ ಹುಟ್ಟಿದ್ದು 1902ರ ಆಗಸ್ಟ್ 29ರಂದು, ಇಂಗ್ಲೆಂಡಿನ ಡೋವರ್‌ನಲ್ಲಿ. ತಂದೆ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಬಿಷಪ್ ಆಗಿದ್ದವರು. ಮಗನಿಗೆ ಏಳು ವರ್ಷವಾಗುವ ಹೊತ್ತಿಗೆ ಅವರು ತೀರಿಕೊಂಡರು. ತಾಯಿ ಬಹಳ ದೈವಭಕ್ತೆ. ಹುಡುಗ ಆಕ್ಸ್‌ಫರ್ಡ್‌ನಲ್ಲಿ ಓದಿ, ಇಂಗ್ಲಿಷ್ ಸಾಹಿತ್ಯದಲ್ಲೂ ಧರ್ಮಶಾಸ್ತ್ರದಲ್ಲೂ ಪ್ರಥಮ ದರ್ಜೆ ಪಡೆದ. ಊರಲ್ಲೇ ಇದ್ದಿದ್ದರೆ ತಂದೆಯಂತೆ ಬಿಷಪ್ ಆಗುವುದು ಕಷ್ಟವಿರಲಿಲ್ಲ. ಆದರೆ ಬ್ರಿಟಿಷರು ಭಾರತಕ್ಕೆ ಮಾಡಿದ್ದಕ್ಕೆ ತನ್ನ ಕಡೆಯಿಂದ ಸ್ವಲ್ಪವಾದರೂ ಪ್ರಾಯಶ್ಚಿತ್ತವಾಗಬೇಕು ಎಂಬ ಯೋಚನೆ ಅವರ ತಲೆಯಲ್ಲಿ ಹೊಕ್ಕಿತ್ತು. 1927ರ ಕೊನೆಯಲ್ಲಿ ಹಡಗು ಹತ್ತಿ ಬಂದೇಬಿಟ್ಟರು.

ಬಂದದ್ದು ನಮ್ಮ ಪುಣೆಗೆ. ಜಾಕ್ ವಿನ್ಸ್ಲೋ ಎಂಬ ಪಾದ್ರಿ ಕಟ್ಟಿದ ಕ್ರಿಸ್ತ ಸೇವಾ ಸಂಘಕ್ಕೆ. ಶಿವಾಜಿನಗರದಲ್ಲಿದ್ದ ಆ ಆಶ್ರಮದಲ್ಲಿ ಖಾದಿ ಉಡುವುದು, ನೆಲದ ಮೇಲೆ ಕೂತು ಊಟ ಮಾಡುವುದು, ಭಾರತೀಯರೂ ಇಂಗ್ಲಿಷರೂ ಒಟ್ಟಿಗೆ ಇರುವುದು ನಿಯಮ. ಇಲ್ಲೇ ಅವರಿಗೆ ಶಾಮರಾವ್ ಹಿವಾಳೆ ಎಂಬ ಮರಾಠಿ ಗೆಳೆಯ ಸಿಕ್ಕಿದ್ದು. ಮುಂದಿನ ಎರಡು ದಶಕ ಎಲ್ವಿನ್ ಏನು ಮಾಡಿದರೂ ಅದರಲ್ಲಿ ಶಾಮರಾವ್ ಅವರ ಪಾಲಿದೆ. ಎಲ್ವಿನ್ ಬರೆಯುವವರು, ಶಾಮರಾವ್ ಜನರ ನಡುವೆ ಓಡಾಡುವವರು. ಇಂಥ ಜೋಡಿಗಳಲ್ಲಿ ಎರಡನೆಯವರ ಹೆಸರು ಮರೆತುಹೋಗುವುದು ಹೆಚ್ಚು. ಅದಕ್ಕೇ ಮೊದಲೇ ಹೇಳಿಬಿಟ್ಟೆ.

1928ರಲ್ಲಿ ಸಾಬರಮತಿಗೆ ಹೋಗಿ ಗಾಂಧೀಜಿಯವರನ್ನು ಕಂಡ ಮೇಲೆ ಎಲ್ವಿನ್ ಅವರ ದಾರಿಯೇ ಬದಲಾಯಿತು. ಕಾಂಗ್ರೆಸ್ ಪರವಾಗಿ ಬರೆದರು. ತಮ್ಮದೇ ಸರ್ಕಾರ ಇವರ ಮೇಲೆ ಕಣ್ಣಿಟ್ಟಿತು. ಪುಣೆಯ ಆಶ್ರಮವನ್ನು ಬಿಟ್ಟು ಬಡವರ ನಡುವೆ ಇರಬೇಕೆಂದುಕೊಂಡಾಗ, ಯಾರೂ ಹೋಗದ ಗೊಂಡರ ನಾಡಿಗೆ ಹೋಗಿ ಎಂಬ ಸಲಹೆ ಜಮ್ನಾಲಾಲ್ ಬಜಾಜ್ ಅವರಿಂದ ಬಂತು. 1932ರ ಜನವರಿಯಲ್ಲಿ ಇಬ್ಬರು ಗೆಳೆಯರೂ ನರ್ಮದೆ ಹುಟ್ಟುವ ಅಮರಕಂಟಕದ ಹತ್ತಿರ, ಮೈಕಲ್ ಬೆಟ್ಟಸಾಲಿನ ಕರಂಜಿಯಾ ಎಂಬ ಹಳ್ಳಿಯಲ್ಲಿ ಗುಡಿಸಲು ಹಾಕಿದರು. ಗೊಂಡ ಸೇವಾ ಮಂಡಲ ಶುರುವಾಯಿತು. ಔಷಧಾಲಯ, ಕುಷ್ಠರೋಗಿಗಳಿಗೆ ಒಂದು ಆಶ್ರಯ, ಸಣ್ಣ ಸಣ್ಣ ಶಾಲೆಗಳು ಬಂದವು.

ಚರ್ಚು ಅವರಿಂದ ಬೇರೆಯದನ್ನೇ ನಿರೀಕ್ಷಿಸಿತ್ತು. ಆದಿವಾಸಿಗಳ ನಡುವೆ ಇದ್ದ ಮೇಲೆ ಮತ ಬೋಧಿಸಬೇಕು ಎಂದಿತು. ಎಲ್ವಿನ್ ಒಪ್ಪಲಿಲ್ಲ. 1935ರಲ್ಲಿ ಚರ್ಚನ್ನೇ ಬಿಟ್ಟರು. ಕಲಿಸಲು ಬಂದವರು ಕಲಿಯಲು ಕೂತರು ಎಂದು ಹೇಳಿದರೆ ತಪ್ಪಾಗದು.

ಅವರು ಕಲಿತ ಪಾಠಶಾಲೆ ಯಾವುದು ಗೊತ್ತೇ? ಹಾಡು. ಗೊಂಡರಲ್ಲಿ ಕರ್ಮಾ ಕುಣಿತವಿದೆ, ದದರಿಯಾ ಎಂಬ ಚಿಕ್ಕ ಚಿಕ್ಕ ಪದಗಳಿವೆ, ಮದುವೆಗೆ, ಬಿತ್ತನೆಗೆ, ಸಾವಿಗೆ ಬೇರೆ ಬೇರೆ ಹಾಡುಗಳಿವೆ. ಗೊಂಡರ ವಂಶದ ಕಥೆಗಳನ್ನು ನೆನಪಿಟ್ಟುಕೊಂಡು ಹಾಡುವ ಪ್ರಧಾನ್ ಎಂಬ ಗಾಯಕರ ಕುಲವೇ ಇದೆ. ಅವರ ಕೈಯಲ್ಲಿ ಬಾನಾ ಎಂಬ ತಂತಿವಾದ್ಯ. ಪ್ರಧಾನ್ ತನ್ನ ಯಜಮಾನನ ಮನೆಗೆ ಬಂದು ಬಾನಾ ನುಡಿಸುತ್ತ ಪೂರ್ವಿಕರ ಕಥೆ ಹಾಡಿದರೆ ಸತ್ತವರು ಮನೆಗೆ ಬಂದಂತೆ. ನಮ್ಮ ಕಡೆ ಜೋಗಮ್ಮಂದಿರು, ಚೌಡಿಕೆಯವರು, ಕಿನ್ನರಿ ಜೋಗಿಗಳು ಇದ್ದಾರಲ್ಲ, ಹಾಗೆ. ಬರಹವಿಲ್ಲದ ಜನಕ್ಕೆ ಹಾಡೇ ದಫ್ತರು, ಹಾಡೇ ಪುರಾಣ.

ಎಲ್ವಿನ್ ಮತ್ತು ಶಾಮರಾವ್ ಈ ಹಾಡುಗಳನ್ನು ಕೇಳಿ ಕೇಳಿ ಬರೆದುಕೊಂಡರು. 1935ರಲ್ಲಿ ಗೊಂಡರ ಕಾವ್ಯದ ಮೊದಲ ಸಂಗ್ರಹ ಬಂತು. 1944ರಲ್ಲಿ ಮೈಕಲ್ ಬೆಟ್ಟಗಳ ಜನಪದ ಗೀತೆಗಳು, 1946ರಲ್ಲಿ ಛತ್ತೀಸಗಢದ ಜನಪದ ಗೀತೆಗಳು ಇಂಗ್ಲಿಷಿಗೆ ಬಂದವು. ಇದೇ ಕಾಲದಲ್ಲಿ ನಮ್ಮ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರ ಪದಗಳನ್ನು ಕೂಡಿಹಾಕುತ್ತಿದ್ದರು. ಅವರ ಗರತಿಯ ಹಾಡು ಪ್ರಕಟವಾದದ್ದು 1931ರಲ್ಲಿ, ಅಂದರೆ ಎಲ್ವಿನ್ ಕರಂಜಿಯಾಕ್ಕೆ ಹೋಗುವ ಮುಂಚಿನ ವರ್ಷ. ಒಬ್ಬರಿಗೊಬ್ಬರ ಪರಿಚಯವಿಲ್ಲದೆ ಎರಡು ಕಡೆ ಒಂದೇ ಕೆಲಸ ನಡೆದಿತ್ತು. ಓದು ಬರಹ ಬಾರದವರು ಎಂದು ಕರೆಸಿಕೊಂಡವರ ಬಾಯಲ್ಲಿ ಎಂಥ ಸಾಹಿತ್ಯವಿದೆ ಎಂದು ಕಲಿತವರಿಗೆ ತೋರಿಸುವ ಕೆಲಸ.

ಎಲ್ವಿನ್ 1939ರಲ್ಲಿ ಬೈಗಾ ಜನರ ಬಗ್ಗೆ ದೊಡ್ಡ ಪುಸ್ತಕ ಬರೆದರು. ಬೈಗಾಗಳು ನೇಗಿಲು ಹೂಡುತ್ತಿರಲಿಲ್ಲ. ಭೂಮಿತಾಯಿಯ ಎದೆಯನ್ನು ಸೀಳಬಾರದು ಎಂಬುದು ಅವರ ನಂಬಿಕೆ. ಕಾಡಿನ ತುಂಡೊಂದನ್ನು ಕಡಿದು ಸುಟ್ಟು, ಬೂದಿಯಲ್ಲಿ ಬೀಜ ಚೆಲ್ಲಿ, ಕೆಲವು ವರ್ಷಕ್ಕೆ ಅಲ್ಲಿಂದ ಮುಂದೆ ಹೋಗುವುದು ಅವರ ಬೇಸಾಯ. ಬ್ರಿಟಿಷ್ ಅರಣ್ಯ ಇಲಾಖೆ ಅದನ್ನು ನಿಲ್ಲಿಸಿ, 1890ರಲ್ಲಿ ಬೈಗಾ ಚಕ್ ಎಂದು ಒಂದಿಷ್ಟು ಜಾಗ ಗುರುತಿಸಿ ಅಲ್ಲಿಗೇ ಸೀಮಿತಗೊಳಿಸಿತು. ಕಾಡು ಕೈತಪ್ಪಿದಾಗ ಜನ ಬರಿಯ ಹೊಟ್ಟೆಗಷ್ಟೇ ಕಷ್ಟಪಡುವುದಿಲ್ಲ, ಅವರ ಬದುಕುವ ಉತ್ಸಾಹವೇ ಸಾಯುತ್ತದೆ, ಹಾಡು ನಿಲ್ಲುತ್ತದೆ ಎಂದು ಎಲ್ವಿನ್ ಮತ್ತೆ ಮತ್ತೆ ಬರೆದರು.

ಅವರ ಬದುಕಿನಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬಸ್ತರ್‌ನ ಭಾಗ. 1940ರಿಂದ ಕೆಲವು ವರ್ಷ ಅವರು ಅಲ್ಲಿನ ಮುರಿಯಾ ಜನರ ನಡುವೆ ಓಡಾಡಿದರು. ಮುರಿಯಾ ಹಳ್ಳಿಗಳಲ್ಲಿ ಘೋಟುಲ್ ಎಂಬ ಮನೆ ಇರುತ್ತಿತ್ತು. ಊರಿನ ಹುಡುಗ ಹುಡುಗಿಯರು ಸಂಜೆಯಾದರೆ ಅಲ್ಲಿ ಸೇರುತ್ತಿದ್ದರು, ರಾತ್ರಿ ಅಲ್ಲೇ ಉಳಿಯುತ್ತಿದ್ದರು. ಮೇಷ್ಟರಿಲ್ಲ, ವಾರ್ಡನ್ ಇಲ್ಲ. ಹಿರಿಯ ಮಕ್ಕಳೇ ಕಿರಿಯರಿಗೆ ಕಲಿಸುವವರು. ಕಸ ಗುಡಿಸುವುದು, ಸೌದೆ ತರುವುದು, ಊರಿನ ಮದುವೆಗೆ ಕುಣಿಯುವುದು, ಸಾವಿನ ಮನೆಗೆ ಹೆಗಲು ಕೊಡುವುದು ಎಲ್ಲ ಅಲ್ಲಿನ ಪಾಠ. ಇದನ್ನು ಸ್ಥಾಪಿಸಿದವನು ಲಿಂಗೋ ಎಂಬ ಮೂಲಪುರುಷ, ಆತ ಹದಿನೆಂಟು ವಾದ್ಯಗಳನ್ನು ಒಟ್ಟಿಗೆ ನುಡಿಸಬಲ್ಲವನಾಗಿದ್ದ ಎಂದು ಮುರಿಯಾ ಕಥೆ. ಯೋಚಿಸಿ, ಒಂದು ಜನಾಂಗ ತನ್ನ ಮಕ್ಕಳ ಶಾಲೆಗೆ ಸಂಗೀತಗಾರನನ್ನು ಮೂಲಗುರು ಮಾಡಿಕೊಂಡಿತ್ತು! ಘೋಟುಲ್‌ನ ಪ್ರೀತಿ ಪ್ರೇಮದ ರೀತಿಗಳು ಪಟ್ಟಣದವರಿಗೆ ಮುಜುಗರ ತಂದವು. 1947ರಲ್ಲಿ ಎಲ್ವಿನ್ ಅವರ ಪುಸ್ತಕ ಬಂದಾಗ ಗಲಾಟೆಯೂ ಆಯಿತು. ಅವರು ನೋಡಿದ್ದು ಮಾತ್ರ ಒಬ್ಬರನ್ನೊಬ್ಬರು ನೋಡಿಕೊಳ್ಳಲು ಕಲಿತ ಮಕ್ಕಳನ್ನು.

ಇದೇ ವರ್ಷಗಳಲ್ಲಿ ಜಗತ್ತಿನ ಇನ್ನೊಂದು ಮೂಲೆಯಲ್ಲಿ, ಕೆನಡಾದಲ್ಲಿ, ಮೂಲನಿವಾಸಿಗಳ ಮಕ್ಕಳು ಬೇರೆ ಬಗೆಯ ಮನೆಯಲ್ಲಿ ರಾತ್ರಿ ಕಳೆಯುತ್ತಿದ್ದರು. ಸರ್ಕಾರ ದುಡ್ಡು ಕೊಟ್ಟು ಚರ್ಚುಗಳು ನಡೆಸುತ್ತಿದ್ದ ವಸತಿ ಶಾಲೆಗಳು ಅವು. ಚಿಕ್ಕ ಮಕ್ಕಳನ್ನು ತಾಯಿಯಿಂದ ಬಿಡಿಸಿ ತರುತ್ತಿದ್ದರು, ಕೂದಲು ಕತ್ತರಿಸುತ್ತಿದ್ದರು, ತಾಯಿಮಾತು ಆಡಿದರೆ ಶಿಕ್ಷಿಸುತ್ತಿದ್ದರು. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಸುಮಾರು 1,50,000 ಮಕ್ಕಳು ಈ ಶಾಲೆಗಳ ಮೂಲಕ ಹಾದುಹೋದರು. ಸಾವಿರಾರು ಮಕ್ಕಳು ಮನೆಗೆ ಮರಳಲಿಲ್ಲ. ಪಶ್ಚಿಮ ಕರಾವಳಿಯ ಜನರ ಪಾಟ್ಲಾಚ್ ಎಂಬ ಹಾಡು ಕುಣಿತ ದಾನಗಳ ಹಬ್ಬವನ್ನು 1885ರಿಂದ 1951ರವರೆಗೆ ಕಾನೂನೇ ನಿಷೇಧಿಸಿತ್ತು. 2008ರಿಂದ 2015ರವರೆಗೆ ಸತ್ಯ ಮತ್ತು ಸಾಮರಸ್ಯ ಆಯೋಗ ಬದುಕುಳಿದವರ ಮಾತನ್ನು ಕೇಳಿತು. ಈಗ ಪ್ರತಿ ಸೆಪ್ಟೆಂಬರ್ 30ರಂದು ಅಲ್ಲಿ ಜನ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ತಮಟೆ ಬಡಿದು, ಹಿರಿಯರ ಹಾಡು ಹಾಡಿ ಆ ಮಕ್ಕಳನ್ನು ನೆನೆಯುತ್ತಾರೆ. ಕೆನಡಾದಲ್ಲಿ ಮಕ್ಕಳು ಮೊಮ್ಮಕ್ಕಳಿರುವ ನಮ್ಮ ಸದಸ್ಯೆಯರಿಗೆ ಈ ದಿನ ಗೊತ್ತಿರುತ್ತದೆ.

ಅದು ಅಲ್ಲಿನ ಕಥೆ, ನಮಗೇನು ಎನ್ನುವಂತಿಲ್ಲ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿ ಮಾಡಿದರು. 1897ರ ತಿದ್ದುಪಡಿ 4ರಿಂದ 18 ವರ್ಷದ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ಸುಧಾರಣಾ ಕೇಂದ್ರಗಳಲ್ಲಿ ಇಡಲು ಅವಕಾಶ ಕೊಟ್ಟಿತು. ಸೊಲ್ಲಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಇಂಥ ಸಮುದಾಯಗಳನ್ನು ಬೇಲಿಯೊಳಗೆ ಕೂಡಿಹಾಕಿದ ಸೆಟ್ಲಮೆಂಟುಗಳಿದ್ದವು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ, ಆ ಕಾಯ್ದೆ ಹೋಯಿತು. ಹುಬ್ಬಳ್ಳಿ ಗದಗದಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಮಾತ್ರ ಬಡಾವಣೆಯ ಹೆಸರಾಗಿ ಉಳಿದಿದೆ. ಆ ಮಕ್ಕಳಿಗಾಗಿ ನಾವು ಯಾವ ಬಣ್ಣದ ಅಂಗಿಯನ್ನೂ ತೊಡುವುದಿಲ್ಲ.

ಎಲ್ವಿನ್ ಅವರ ಜಗಳ ಇದ್ದದ್ದು ಇಲ್ಲೇ. ಕಾಡಿನ ಮಗುವನ್ನು ತಂದು ಅದರ ಹಾಡು, ಉಡುಪು, ದೇವರು ಎಲ್ಲವನ್ನೂ ನಾಚಿಕೆಯ ವಸ್ತುವಾಗಿ ಮಾಡುವ ಶಾಲೆ ಯಾರದ್ದಾದರೂ ಅವರು ವಿರೋಧಿಸಿದರು. ಮಿಷನರಿಗಳ ಶಾಲೆ ಇರಲಿ, ನಮ್ಮವರೇ ಸದುದ್ದೇಶದಿಂದ ನಡೆಸಿದ್ದಿರಲಿ. ಇದರಿಂದ ಗಾಂಧೀವಾದಿ ಠಕ್ಕರ್ ಬಾಪಾ ಅವರ ಜೊತೆ ಭಿನ್ನಾಭಿಪ್ರಾಯ ಬಂತು. ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ 1943ರಲ್ಲಿ ಎಲ್ವಿನ್ ಅವರ ವಿಚಾರಗಳನ್ನು ಖಂಡಿಸುವ ಪುಸ್ತಕವನ್ನೇ ಬರೆದರು. ಆದಿವಾಸಿಗಳನ್ನು ವಸ್ತುಸಂಗ್ರಹಾಲಯದಲ್ಲಿ ಇಡಲು ಹೊರಟಿದ್ದಾರೆ ಎಂದು ಹಲವರು ಆಡಿಕೊಂಡರು. ಈ ಟೀಕೆಯಲ್ಲಿ ಹುರುಳಿಲ್ಲದೆ ಇಲ್ಲ. ಶಾಲೆ, ಆಸ್ಪತ್ರೆ, ರಸ್ತೆ ಬೇಡ ಎಂದು ದೂರದವರು ಹೇಳುವುದು ಸುಲಭ. ಎಲ್ವಿನ್ ಕೂಡ ಕಾಲ ಕಳೆದಂತೆ ತಮ್ಮ ನಿಲುವನ್ನು ತಿದ್ದಿಕೊಂಡರು. ಬದಲಾವಣೆ ಬರಲಿ, ಆದರೆ ಅವರ ಹೆಜ್ಜೆಯ ಲಯಕ್ಕೆ ಹೊಂದಿ ಬರಲಿ ಎಂಬಲ್ಲಿಗೆ ಬಂದು ನಿಂತರು.

ಆ ಮಾತನ್ನು ಕೆಲಸಕ್ಕಿಳಿಸುವ ಅವಕಾಶವೂ ಸಿಕ್ಕಿತು. 1954ರಲ್ಲಿ ಅವರು ಭಾರತದ ಪ್ರಜೆಯಾದರು. ಅದೇ ವರ್ಷ ನೇಫಾ, ಅಂದರೆ ಇಂದಿನ ಅರುಣಾಚಲ ಪ್ರದೇಶದ ಆಡಳಿತಕ್ಕೆ ಬುಡಕಟ್ಟು ವ್ಯವಹಾರಗಳ ಸಲಹೆಗಾರರಾಗಿ ಶಿಲ್ಲಾಂಗಿಗೆ ಹೋದರು. ಮಕ್ಕಳ ಪಠ್ಯ ಅವರದೇ ಭಾಷೆಯಲ್ಲಿ, ಅವರದೇ ಕಥೆಗಳಿಂದ ಇರಬೇಕು, ಶಾಲೆಯ ಕಟ್ಟಡ ಊರಿನ ಮನೆಗಳಂತೆ ಇರಬೇಕು, ಅಧಿಕಾರಿಗಳು ದರ್ಪ ಬಿಟ್ಟು ಸ್ಥಳೀಯ ಮಾತು ಕಲಿಯಬೇಕು ಎಂದು ಹಠ ಹಿಡಿದರು. ನೇಫಾ ಕುರಿತ ಅವರ ಪುಸ್ತಕಕ್ಕೆ ನೆಹರೂ ಮುನ್ನುಡಿ ಬರೆದು, ಹೊರಗಿನಿಂದ ಏನನ್ನೂ ಹೇರಬಾರದು, ಅವರ ನೆಲ ಕಾಡುಗಳ ಹಕ್ಕನ್ನು ಗೌರವಿಸಬೇಕು ಎಂಬ ತತ್ವಗಳನ್ನು ಒಪ್ಪಿದರು. 1961ರಲ್ಲಿ ಎಲ್ವಿನ್ ಅವರಿಗೆ ಪದ್ಮಭೂಷಣ ಬಂತು. 1964ರ ಫೆಬ್ರವರಿ 22ರಂದು ದೆಹಲಿಯಲ್ಲಿ ತೀರಿಕೊಂಡರು. ಅದೇ ವರ್ಷ ಹೊರಬಂದ ಆತ್ಮಕಥೆಗೆ ಮರುವರ್ಷ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಬೆಂಗಳೂರಿನಲ್ಲಿ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹಾ ಅವರ ಜೀವನ ಚರಿತ್ರೆ 1999ರಲ್ಲಿ ಬಂದ ಮೇಲೆ ಹೊಸ ತಲೆಮಾರಿಗೆ ಎಲ್ವಿನ್ ಮತ್ತೆ ಪರಿಚಯವಾದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ಸುಂದರ ಜೀವನಕಥೆ. ಆದರೆ ಮಹಿಳಾ ವೇದಿಕೆಯ ಸಂಚಿಕೆಯಲ್ಲಿ ಕೋಸಿಯ ಹೆಸರು ಬಿಟ್ಟು ಎಲ್ವಿನ್ ಬಗ್ಗೆ ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕೋಸಿ ರಾಜಗೊಂಡ ಹುಡುಗಿ. ಎಲ್ವಿನ್ ಅವರಿಗಿಂತ ತುಂಬ ಚಿಕ್ಕವಳು. 1940ರಲ್ಲಿ ಇಬ್ಬರ ಮದುವೆಯಾಯಿತು. ಬಸ್ತರ್‌ನ ತಿರುಗಾಟದಲ್ಲಿ ಆಕೆ ಜೊತೆಗಿದ್ದಳು. ಹೊರಗಿನ ಗಂಡಸೊಬ್ಬ ನೋಟ್‌ಬುಕ್ ಹಿಡಿದು ಬಂದರೆ ಹಳ್ಳಿಯ ಹೆಂಗಸರು ಬಾಯಿ ಬಿಡುವುದು ಕಷ್ಟ. ತಮ್ಮಂಥವಳೊಬ್ಬಳು ಪಕ್ಕದಲ್ಲಿ ಕೂತಾಗಲೇ ಮಾತು ಬರುವುದು. ಇದು ಯಾವ ಸಂಶೋಧಕರೂ ಹೇಳದಿದ್ದರೂ ನಮಗೆ ಗೊತ್ತಾಗುವ ವಿಷಯ. 1949ರಲ್ಲಿ ವಿಚ್ಛೇದನವಾಯಿತು. ಎಲ್ವಿನ್ ಮುಂದೆ 1953ರಲ್ಲಿ ಪಾಟನ್‌ಗಢದ ಪ್ರಧಾನ್ ಕುಲದ ಲೀಲಾ ಅವರನ್ನು ಮದುವೆಯಾಗಿ ಶಿಲ್ಲಾಂಗಿನಲ್ಲಿ ನೆಮ್ಮದಿಯ ಸಂಸಾರ ಮಾಡಿದರು. ಕೋಸಿ ತನ್ನ ಕಾಡಿನ ಸೀಮೆಯಲ್ಲೇ ಉಳಿದಳು, ಬಡತನದಲ್ಲಿ. ಅಷ್ಟು ದೊಡ್ಡ ಆತ್ಮಕಥೆಯಲ್ಲಿ ಆ ಮದುವೆಗೆ ಸಿಕ್ಕಿದ್ದು ಕೆಲವೇ ಸಾಲು. ನೋವಿನ ಕಾಲ ಅದು ಎಂದು ಹೇಳಿ ಅವರು ಮುಂದೆ ಹೋಗಿಬಿಡುತ್ತಾರೆ. ಸಾವಿರಾರು ಗೊಂಡ ಹಾಡುಗಳನ್ನು ಅಕ್ಕರೆಯಿಂದ ಕೇಳಿದವರು ಮನೆಯೊಳಗಿನ ಒಬ್ಬ ಗೊಂಡ ಹೆಣ್ಣಿನ ಕಥೆಯನ್ನು ಹೇಳದೆ ಹೋದರು.

ಇದನ್ನು ಅವರ ಹೆಸರು ಕೆಡಿಸಲು ಬರೆದದ್ದಲ್ಲ. ಅವರ ಕೆಲಸ ದೊಡ್ಡದು, ಆ ಹಾಡುಗಳು ಅವರಿಲ್ಲದೆ ನಮಗೆ ಸಿಗುತ್ತಿರಲಿಲ್ಲ. ಆದರೆ ಗೌರವಿಸುವುದು ಎಂದರೆ ಏನು ಎಂಬ ಪ್ರಶ್ನೆಗೆ ಅವರ ಬದುಕು ಎರಡು ಪಾಠ ಕೊಡುತ್ತದೆ. ಒಂದು, ಹಾಡು ಪುಸ್ತಕದಲ್ಲಿ ಇದ್ದರೆ ಸಾಲದು, ಮಗುವಿನ ನಾಲಿಗೆಯ ಮೇಲೆ ಇರಬೇಕು. ಎರಡು, ಹಾಡಿನ ಜೊತೆ ಹಾಡಿದವಳ ಹೆಸರೂ ಉಳಿಯಬೇಕು. ಮೊದಲನೆಯದನ್ನು ಅವರು ಜೀವನಪೂರ್ತಿ ಹೇಳಿದರು. ಎರಡನೆಯದು ಅವರಿಗೇ ಪೂರ್ತಿ ಕೈಗೂಡಲಿಲ್ಲ. ನಾವೂ ಹಾಗೆಯೇ. ಗರತಿಯ ಹಾಡಿನ ಒಂದೆರಡು ತ್ರಿಪದಿ ನಮ್ಮೆಲ್ಲರಿಗೂ ಬಾಯಿಗೆ ಬರುತ್ತದೆ. ಅದನ್ನು ಕಟ್ಟಿ ಹಾಡಿದ ಒಬ್ಬ ತಾಯಿಯ ಹೆಸರನ್ನು ಹೇಳಬಲ್ಲೆವೇ?

ಎಲ್ವಿನ್ ನೆಲೆಸಿದ್ದ ಪಾಟನ್‌ಗಢದಿಂದ ಒಂದು ಸಂತೋಷದ ಸುದ್ದಿಯನ್ನೂ ಹೇಳಬೇಕು. ಅದೇ ಹಳ್ಳಿಯಲ್ಲಿ ಪ್ರಧಾನ್ ಕುಲದಲ್ಲಿ ಹುಟ್ಟಿದ ಜನಗಢ ಸಿಂಗ್ ಶ್ಯಾಮ್, ಬಾನಾದ ಹಾಡುಗಳಲ್ಲಿದ್ದ ದೇವರುಗಳನ್ನೂ ಪ್ರಾಣಿಗಳನ್ನೂ ಬಣ್ಣದಲ್ಲಿ ಬರೆದು ಜಗತ್ತಿಗೇ ಗೊಂಡ ಚಿತ್ರಕಲೆಯನ್ನು ಪರಿಚಯಿಸಿದರು. ಹಾಡುವವರ ಮೊಮ್ಮಕ್ಕಳು ಈಗ ತಮ್ಮ ಹೆಸರನ್ನು ತಾವೇ ಚಿತ್ರದ ಕೆಳಗೆ ಬರೆಯುತ್ತಾರೆ. ನಮ್ಮಲ್ಲೂ ಅಂಕೋಲಾದ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಶಾಲೆಯ ಮುಖ ಕಾಣದ ಆಕೆ ತಮ್ಮ ಹೆಸರಿನಿಂದಲೇ ನಾಡಿಗೆ ಪರಿಚಿತರಾದರು. ಅವರು 2025ರ ಫೆಬ್ರವರಿಯಲ್ಲಿ ನಮ್ಮನ್ನು ಅಗಲಿದರು.

ಇನ್ನು ನಮ್ಮ ಕೊಂಢವಾದ ಮಾತಿಗೆ ಬರುತ್ತೇನೆ. ನಾವಿರುವ ಈ ಎತ್ತರದ ಕಟ್ಟಡಗಳ ಕೆಲಸಕ್ಕೆ ಬಂದವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಲಂಬಾಣಿ ಕುಟುಂಬಗಳೂ ಇವೆ. ಗಂಡಸರು ಸೆಂಟ್ರಿಂಗ್ ಕಟ್ಟುತ್ತಾರೆ, ಹೆಂಗಸರು ಕಾಂಕ್ರೀಟ್ ಹೊರುತ್ತಾರೆ. ನಮ್ಮ ಜೊತೆ ಕನ್ನಡ, ಮುಕಾದಮನ ಜೊತೆ ಹಿಂದಿ, ಅಂಗಡಿಯಲ್ಲಿ ಮರಾಠಿ, ತಮ್ಮತಮ್ಮಲ್ಲಿ ಗೋರ್‌ಬೋಲಿ. ಶ್ರಾವಣದಲ್ಲಿ ತಗಡಿನ ಶೆಡ್ಡಿನ ಮುಂದೆ ಬುಟ್ಟಿಯಲ್ಲಿ ಗೋಧಿ ಸಸಿ ಬೆಳೆಸಿ ತೀಜ್ ಹಬ್ಬ ಮಾಡುವಾಗ ಅವರ ಹಾಡು ನಮ್ಮ ಬಾಲ್ಕನಿಯವರೆಗೆ ಬರುತ್ತದೆ. ಮಕ್ಕಳಲ್ಲಿ ಕೆಲವರು ಊರಿನ ಹಾಸ್ಟೆಲಿನಲ್ಲಿ ಓದುತ್ತಾರೆ, ರಜೆಗೆ ಇಲ್ಲಿಗೆ ಬರುತ್ತಾರೆ. ಒಂದು ತಾಯಿ ನನಗೆ ಹೇಳಿದ್ದಳು, ಮಗಳು ಚೆನ್ನಾಗಿ ಓದುತ್ತಾಳೆ, ಆದರೆ ತೀಜ್ ಹಾಡು ಹೇಳು ಎಂದರೆ ನಾಚಿಕೆಪಡುತ್ತಾಳೆ ಎಂದು. ಹಾಸ್ಟೆಲಿನಲ್ಲಿ ಆಕೆಯನ್ನು ಯಾರೂ ಹೊಡೆದಿಲ್ಲ, ಬೈದಿಲ್ಲ. ಊಟ, ಪುಸ್ತಕ ಎಲ್ಲ ಇದೆ. ಆದರೂ ಆ ನಾಚಿಕೆ ಎಲ್ಲಿಂದಲೋ ಬಂದು ಸೇರಿಕೊಂಡಿದೆ. ಓದು ಬೇಡ ಎನ್ನಲು ಸಾಧ್ಯವೇ? ಆ ತಾಯಿಯೇ ಬೇಡ ಎನ್ನುವುದಿಲ್ಲ. ಓದೂ ಬೇಕು, ಹಾಡೂ ಬೇಕು ಎಂಬುದಷ್ಟೇ ಅವಳ ಆಸೆ.

ಪ್ರತಿ ವರ್ಷ ರಾಜ್ಯೋತ್ಸವಕ್ಕೆ ನಮ್ಮಲ್ಲಿ ಲಂಬಾಣಿ ನೃತ್ಯ ಇದ್ದೇ ಇರುತ್ತದೆ. ಕನ್ನಡಿ ಚೂರಿನ ಲಂಗ ಬಾಡಿಗೆಗೆ ತಂದು, ಸಿನಿಮಾ ಹಾಡಿಗೆ ನಮ್ಮ ಮಕ್ಕಳು ಚೆಂದವಾಗಿ ಕುಣಿಯುತ್ತಾರೆ. ಅದು ಇರಲಿ. ಅದರ ಜೊತೆಗೆ ಈ ಸಲ ಅರ್ಧ ಗಂಟೆ ಪಕ್ಕದ ಶೆಡ್ಡಿನ ಅಕ್ಕಂದಿರಿಗೆ ಕೊಡೋಣ ಎಂಬುದು ನನ್ನ ಸಲಹೆ. ಹೋಗಿಬರುವ ಖರ್ಚು, ಒಂದು ದಿನದ ಕೂಲಿ, ಸಂಭಾವನೆ ಎಲ್ಲ ನಾವೇ ಕೊಡೋಣ. ಅವರ ಇಚ್ಛೆ ಕೇಳಿ, ಅವರು ಒಪ್ಪಿದರೆ ಕರೆಯೋಣ. ಅವರು ಹಾಡಲಿ, ನಾವು ಕೂತು ಕೇಳೋಣ. ಹಾಡಿದ ಪ್ರತಿಯೊಬ್ಬಳ ಹೆಸರನ್ನೂ ಮೈಕಿನಲ್ಲಿ ಹೇಳೋಣ, ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡೋಣ. ಸಭೆಯಲ್ಲಿ ತಾಯಿಗೆ ಚಪ್ಪಾಳೆ ಬಿದ್ದದ್ದನ್ನು ಕಂಡ ಮಗಳಿಗೆ ಆ ಹಾಡು ನಾಚಿಕೆಯದ್ದಾಗಿ ಉಳಿಯಲಾರದು.

ಪುಣೆಗೆ ಬಂದು ಕಿವಿ ತೆರೆದುಕೊಂಡ ಒಬ್ಬರನ್ನು ಹೀಗೆ ನೆನೆಯೋಣ. ಅವರ ಪುಸ್ತಕಗಳಲ್ಲಿ ಹೆಸರಿಲ್ಲದೆ ಹಾಡಿದವರನ್ನೂ, ಕೋಸಿಯನ್ನೂ ಅವರೊಡನೆಯೇ ನೆನೆಯೋಣ. ಈ ಸಲಹೆ ಒಪ್ಪಿಗೆಯಾದ ಸದಸ್ಯೆಯರು ಮುಂದಿನ ಸಭೆಯಲ್ಲಿ ಕೈಜೋಡಿಸಿ ಎಂದು ಕೇಳಿಕೊಳ್ಳುತ್ತೇನೆ.